ಗ್ರಿಪ್ ಬದಲಿಸಿದ ಮೇಲೂ ಚೆಂಡು ಬಲಕ್ಕೇ ಬಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಕಾರವಾರದವನು, ವಯಸ್ಸು 46. ಎರಡು ವರ್ಷಗಳಿಂದ ಬಿಡುವಾದ ಭಾನುವಾರಗಳಲ್ಲಿ ಗಡಿಯಾಚೆಯ ಕಾಣಕೋಣಕ್ಕೆ ಹೋಗಿ ಗಾಲ್ಫ್ ಆಡುತ್ತೇನೆ. ಬಲಗೈ ಆಟಗಾರ. ಡ್ರೈವರ್‌ನಿಂದ, ಅಂದರೆ ದೂರ ಹೊಡೆಯುವ ಉದ್ದನೆಯ ಕ್ಲಬ್ಬಿನಿಂದ, ಹೊಡೆದ ಚೆಂಡು ಗುರಿಯತ್ತ ಹೊರಟು ಬಲಕ್ಕೆ ಬಾಗಿ ಹೋಗುತ್ತಿತ್ತು. ತಿಂಗಳ ಹಿಂದೆ ತರಬೇತುದಾರರು ಎಡಗೈಯನ್ನು ಹಿಡಿಕೆಯ ಮೇಲೆ ಸ್ವಲ್ಪ ಬಲಕ್ಕೆ ಹೊರಳಿಸಿ ಹಿಡಿಯಲು ಹೇಳಿದರು. ಅಂದಿನಿಂದ ಆಟ ಇನ್ನೂ ಕೆಟ್ಟಿದೆ. ಈಗ ಚೆಂಡು ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ತಿರುಗುತ್ತದೆ. ನಡುನಡುವೆ ಒಂದೊಂದು ನೆಟ್ಟಗೆ ಎಡಕ್ಕೇ ಹೋಗಿ ಪೊದೆ ಸೇರುತ್ತದೆ. ಸಂಜೆ ಟಾಗೋರ್ ಕಡಲತೀರದಲ್ಲಿ, ಕೋಡಿಬಾಗದ ಕಡೆ ಮುಖ ಮಾಡಿ, ತೂತಿನ ಪ್ಲಾಸ್ಟಿಕ್ ಚೆಂಡಿನಿಂದ ಅಭ್ಯಾಸ ಮಾಡುವಾಗಲೂ ಇದೇ ಕಥೆ. ಹಳೆಯ ಗ್ರಿಪ್‌ಗೆ ಮರಳು ಎನ್ನುತ್ತಾರೆ ಕೆಲವರು, ಸ್ಲೈಸ್ ತಡೆಯುವ ಹೊಸ ಡ್ರೈವರ್ ಕೊಳ್ಳು ಎನ್ನುತ್ತಾರೆ ಇನ್ನು ಕೆಲವರು. ನಿಮ್ಮ ಸಲಹೆ ಏನು?

ಉತ್ತರ: ದಯವಿಟ್ಟು ಹಳೆಯ ಗ್ರಿಪ್‌ಗೆ ಮರಳಬೇಡಿ. ನಿಮ್ಮ ತರಬೇತುದಾರರು ಹೇಳಿದ್ದು ಸರಿಯಾಗಿಯೇ ಇದೆ, ಅದು ಕೆಲಸವನ್ನೂ ಮಾಡುತ್ತಿದೆ. ಅದಕ್ಕೆ ಪುರಾವೆ ನಿಮ್ಮ ಪತ್ರದಲ್ಲೇ ಇದೆ. ನೀವು ಬೇಸರದಿಂದ ಬರೆದ ಆ ‘ನೆಟ್ಟಗೆ ಎಡಕ್ಕೇ ಹೋಗುವ’ ಚೆಂಡೇ ಆ ಪುರಾವೆ.

ಬಡಿತದ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತೋ, ಹೆಚ್ಚುಕಡಿಮೆ ಅದೇ ದಿಕ್ಕಿಗೆ ಚೆಂಡು ಹೊರಡುತ್ತದೆ. ಡ್ರೈವರ್‌ನಲ್ಲಿ ಹೊರಡುವ ದಿಕ್ಕನ್ನು ನಿರ್ಧರಿಸುವುದರಲ್ಲಿ ಮುಖದ ಪಾಲು ಸುಮಾರು ಶೇ 80ರಿಂದ 85. ಹೊರಟ ಚೆಂಡು ಮುಂದೆ ಎತ್ತ ಬಾಗುತ್ತದೆ ಎನ್ನುವುದು ಮುಖಕ್ಕೂ ಕ್ಲಬ್ಬು ಬೀಸಿಕೊಂಡು ಬಂದ ದಾರಿಗೂ ನಡುವಿನ ಅಂತರವನ್ನು ಅವಲಂಬಿಸಿದೆ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಅದೇ ಸ್ಲೈಸ್. ಬಹಳ ಕಾಲ ಇದನ್ನು ತಿರುಗುಮುರುಗಾಗಿ, ದಾರಿಯೇ ದಿಕ್ಕನ್ನು ನಿರ್ಧರಿಸುತ್ತದೆ ಎಂದು ಕಲಿಸುತ್ತಿದ್ದರು. ರಾಡಾರ್ ಅಳತೆಯ ಸಾಧನಗಳು ಬಂದ ಮೇಲೆ ಆ ಪಾಠ ಬದಲಾಯಿತು.

ಈಗ ನಿಮ್ಮ ಚೆಂಡನ್ನು ನೋಡೋಣ. ಮೊದಲು ಗುರಿಯತ್ತ ಹೊರಟು ಬಾಗುತ್ತಿತ್ತು, ಈಗ ಎಡಕ್ಕೆ ಹೊರಡುತ್ತಿದೆ. ಅಂದರೆ ಹೊಸ ಗ್ರಿಪ್ ಕ್ಲಬ್ಬಿನ ಮುಖವನ್ನು ಮೊದಲಿಗಿಂತ ಮುಚ್ಚಿದೆ, ಎಡಕ್ಕೆ ತಿರುಗಿಸಿದೆ. ಬೀಸಿನ ದಾರಿ ಮಾತ್ರ ಹಳೆಯದೇ: ಹೊರಗಿನಿಂದ ಒಳಕ್ಕೆ, ಬಲದಿಂದ ಎಡಕ್ಕೆ ಚೆಂಡನ್ನು ಸವರಿಕೊಂಡು ಹೋಗುವ ದಾರಿ. ಮುಖ ಮತ್ತು ದಾರಿ ಎರಡೂ ಒಂದೇ ಕಡೆ ನೋಡಿದಾಗ ಚೆಂಡು ಬಾಗದೆ ಎಡಕ್ಕೇ ಹೋಗುತ್ತದೆ. ಅದು ಪೊದೆ ಸೇರಿದ್ದನ್ನು ಕಂಡು ನೀವು ಹೆದರುತ್ತೀರಿ. ಮುಂದಿನ ಹೊಡೆತದಲ್ಲಿ ಎಡಕ್ಕೆ ಹೋಗದಿರಲೆಂದು ಮಣಿಕಟ್ಟನ್ನು ಬಿಗಿ ಹಿಡಿದು ಮುಖ ಮುಚ್ಚದಂತೆ ತಡೆಯುತ್ತೀರಿ. ಆಗ ಮತ್ತೆ ಸ್ಲೈಸ್. ಒಂದು ರೋಗಕ್ಕೆ ಮದ್ದು ಸಿಕ್ಕಿದೆ, ಎರಡನೆಯದಕ್ಕೆ ಇನ್ನೂ ಮದ್ದೇ ಶುರುವಾಗಿಲ್ಲ. ಹಳೆಯ ಗ್ರಿಪ್‌ಗೆ ಮರಳಿದರೆ ಸಿಕ್ಕಿದ್ದೂ ಕೈಬಿಡುತ್ತದೆ.

ದಾರಿ ಸರಿಪಡಿಸುವ ಮೊದಲು, ಗ್ರಿಪ್ ಪೂರ್ತಿ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಪತ್ರದಲ್ಲಿ ಎಡಗೈಯ ಮಾತು ಮಾತ್ರ ಇದೆ, ಬಲಗೈಯ ಸುದ್ದಿಯೇ ಇಲ್ಲ. ನನ್ನ ಗುಮಾನಿ ಅಲ್ಲೇ ಇದೆ. ಎಡಗೈ ಹೊರಳಿಸಿ ಬಲಗೈಯನ್ನು ಹಳೆಯ ಜಾಗದಲ್ಲೇ, ಹಿಡಿಕೆಯ ಮೇಲೆ ಇಟ್ಟರೆ ಎರಡೂ ಕೈ ಒಂದಕ್ಕೊಂದು ವಿರುದ್ಧವಾಗಿ ಎಳೆದಾಡುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಬಲಗೈ ಮೇಲಿದ್ದಾಗ ಬಲಭುಜ ಮುಂದಕ್ಕೆ ಬರುತ್ತದೆ, ಎರಡೂ ಭುಜಗಳು ಗುರಿಯ ಎಡಕ್ಕೆ ತೆರೆದುಕೊಳ್ಳುತ್ತವೆ. ಭುಜ ಎಡಕ್ಕೆ ನೋಡಿದರೆ ಬೀಸೂ ಎಡಕ್ಕೇ. ಬಲಗೈಯನ್ನು ತುಸು ಕೆಳಗಿನಿಂದ ತಂದು ಹಿಡಿದು ನೋಡಿ. ಬಲಭುಜ ತಾನಾಗಿ ಕೆಳಗಿಳಿದು ಹಿಂದೆ ಸರಿಯುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ನೆಲದ ಟೈಲ್ಸ್‌ನ ಒಂದು ಗೆರೆಯ ಮೇಲೆ ಕ್ಲಬ್ಬಿನ ಮುಖದ ಕೆಳ ಅಂಚನ್ನು ಕೂರಿಸಿ. ಮೊದಲು ಮುಖ, ಆಮೇಲೆ ಕೈ; ಈ ಕ್ರಮ ತಪ್ಪಬಾರದು. ಕೈಯನ್ನು ಹೊರಳಿಸುತ್ತೇವೆಂದುಕೊಂಡು ಕ್ಲಬ್ಬನ್ನೂ ಜೊತೆಗೇ ಹೊರಳಿಸಿಬಿಡುವವರು ಬಹಳ ಜನ. ಅವರ ಗ್ರಿಪ್ ಕಣ್ಣಿಗೆ ಹೊಸದಾಗಿ ಕಂಡರೂ ಏನೂ ಬದಲಾಗಿರುವುದಿಲ್ಲ. ಹಿಡಿಕೆ ಎಡಗೈ ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ ಬೆರಳುಗಳಲ್ಲಿ ಕೂರಬೇಕು, ಅಂಗೈಯ ನಡುವೆ ಅಲ್ಲ. ಬಗ್ಗಿ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣು ಕಾಣಬೇಕು. ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೂಡುವ ಗೆರೆಗಳು ಬಲಭುಜದ ಕಡೆ ಚಾಚಿರಬೇಕು. ಒಂದೇ ಗೆಣ್ಣು ಕಾಣುವ ಹಿಡಿತ ಬೆನ್ ಹೋಗನ್‌ರಂಥ ದಿಗ್ಗಜರದ್ದಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೋಗನ್ ಎಡಗೈಯನ್ನು ಆ ಕಡೆ ಸರಿಸಿಕೊಂಡದ್ದು ತಮ್ಮನ್ನು ಕಾಡುತ್ತಿದ್ದ ಹುಕ್, ಅಂದರೆ ಎಡಕ್ಕೆ ಬಾಗುವ ಚೆಂಡನ್ನು ತಡೆಯಲು. ಸ್ಲೈಸ್ ಇರುವವರು ಆ ಮದ್ದು ಕುಡಿಯಬಾರದು.

ಇನ್ನು ಬಿಗಿತ. ನಮ್ಮ ಕರಾವಳಿಯ ಸೆಕೆಯಲ್ಲಿ ಅಂಗೈ ಬೆವರುತ್ತದೆ, ಹಿಡಿಕೆ ಜಾರುತ್ತದೆ ಎಂಬ ಭಯಕ್ಕೆ ಎಲ್ಲರೂ ಗಟ್ಟಿಯಾಗಿ ಅಮುಕುತ್ತಾರೆ. ಮುಂಗೈ ಬಿಗಿಯಾದರೆ ಕ್ಲಬ್ಬಿನ ಮುಖ ಮುಚ್ಚುವುದೇ ಇಲ್ಲ, ಗ್ರಿಪ್ ಎಷ್ಟೇ ಸರಿಯಿದ್ದರೂ ಅಷ್ಟೆ. ಹತ್ತರಲ್ಲಿ ನಾಲ್ಕರಷ್ಟು ಬಿಗಿ ಸಾಕು. ರಬ್ಬರ್ ಹಿಡಿಕೆಯನ್ನು ಆಗಾಗ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಮತ್ತು ಮೆದು ಬ್ರಷ್‌ನಿಂದ ಉಜ್ಜಿ, ಒರೆಸಿ, ನೆರಳಲ್ಲಿ ಒಣಗಿಸಿ. ಬೆವರಿನ ಜಿಡ್ಡು ಹೋದರೆ ಹಳೆಯ ರಬ್ಬರ್ ಕೂಡ ಚೆನ್ನಾಗಿ ಕಚ್ಚುತ್ತದೆ. ಸವೆದು ನುಣುಪಾಗಿದ್ದರೆ ನೂಲು ಬೆರೆತ ಹಿಡಿಕೆ ಹಾಕಿಸಿ. ಹೊಸ ಡ್ರೈವರ್‌ಗೆ ತೆಗೆದಿಟ್ಟ ಹಣದಲ್ಲಿ ಒಂದು ಚೂರು ಇದಕ್ಕೆ ಖರ್ಚು ಮಾಡಿ, ಉಳಿದದ್ದು ಜೇಬಿನಲ್ಲೇ ಇರಲಿ. ಆ ಬಗೆಯ ಡ್ರೈವರ್ ಮುಖವನ್ನು ಇನ್ನಷ್ಟು ಮುಚ್ಚಲು ನೆರವಾಗುತ್ತದೆ, ನಿಮ್ಮ ದಾರಿಯನ್ನಲ್ಲ. ಈಗ ಅದನ್ನು ತಂದರೆ ಎಡದ ಪೊದೆಗೆ ಇನ್ನಷ್ಟು ಚೆಂಡು ಕೊಟ್ಟಂತಾಗುತ್ತದೆ.

ದಾರಿಯ ವಿಷಯಕ್ಕೆ ಬರುತ್ತೇನೆ, ನಿಮ್ಮ ನಿಜವಾದ ಕೆಲಸ ಇರುವುದು ಇಲ್ಲೇ. ಕಾಳಿ ನದಿಯಲ್ಲಿ ಬೀಸುಬಲೆ ಎಸೆಯುವವರನ್ನು ನೀವು ನೋಡಿರುತ್ತೀರಿ. ಮೊದಲು ಕಾಲು ಮತ್ತು ಸೊಂಟ ತಿರುಗುತ್ತವೆ, ಬಲೆ ಹಿಡಿದ ಕೈ ಕೊನೆಗೆ ಬರುತ್ತದೆ. ಗಾಲ್ಫ್‌ನ ಕೆಳಬೀಸೂ ಹಾಗೆಯೇ ಬರಬೇಕು. ಸ್ಲೈಸ್ ಆಗುವವರಲ್ಲಿ ಕೈ ಮತ್ತು ಬಲಭುಜ ಅವಸರ ಮಾಡಿ ಮುಂದೆ ನುಗ್ಗುತ್ತವೆ, ಕ್ಲಬ್ಬು ಹೊರಗಿನಿಂದ ಇಳಿಯುತ್ತದೆ.

ಡ್ರೈವರನ್ನು ಕೆಲವು ವಾರ ಚೀಲದಲ್ಲೇ ಬಿಡಿ. 7ನೇ ನಂಬರ್ ಐರನ್ ತೆಗೆದುಕೊಳ್ಳಿ. ಚೆಂಡಿನಿಂದ ಒಂದು ಅಡಿ ಹಿಂದೆ, ಗುರಿಗೆರೆಯಿಂದ (ಚೆಂಡಿನಿಂದ ಗುರಿಗೆ ಎಳೆದಂತೆ ಭಾವಿಸಿದ ಗೆರೆಯಿಂದ) ಅಂಗೈ ಅಗಲದಷ್ಟು ಆಚೆ, ಸುರುಳಿ ಸುತ್ತಿದ ಟವೆಲ್ ಇಡಿ. ಬಲಗಾಲನ್ನು ಅರ್ಧ ಹೆಜ್ಜೆ ಹಿಂದಕ್ಕೆ ಎಳೆದು ನಿಂತು, ಸೊಂಟದಿಂದ ಸೊಂಟದ ಎತ್ತರದವರೆಗೆ ಮಾತ್ರ ಬೀಸಿ. ಹೊರಗಿನಿಂದ ಬಂದರೆ ಕ್ಲಬ್ಬು ಟವೆಲ್‌ಗೆ ತಾಗುತ್ತದೆ, ಬೇರೆ ಯಾರೂ ಹೇಳಬೇಕಿಲ್ಲ. ಮೊದಮೊದಲು ಚೆಂಡನ್ನು ಬಲಕ್ಕೆ ತಳ್ಳುತ್ತಿದ್ದೇನೆ ಎಂದೇ ಅನ್ನಿಸುತ್ತದೆ. ಆ ಅನಿಸಿಕೆಗೆ ಹೆದರಬೇಡಿ, ಅದೇ ಬೇಕಾದದ್ದು. ಚೆಂಡು ಗುರಿಯ ತುಸು ಬಲಕ್ಕೆ ಹೊರಟು ಎಡಕ್ಕೆ ಮರಳತೊಡಗಿದರೆ ಹೊಸ ಗ್ರಿಪ್ ತನ್ನ ದಾರಿಯನ್ನು ಕಂಡುಕೊಂಡಿತು ಎಂದರ್ಥ. ಆಮೇಲೆ ಪೂರ್ಣ ಬೀಸು, ಅದರ ಆಮೇಲೆ ಡ್ರೈವರ್.

ಡ್ರೈವರ್ ಹೊರತೆಗೆದ ದಿನ ಅದರ ಮುಖಕ್ಕೆ ಮೈಗೆ ಹಚ್ಚುವ ಪೌಡರ್ ತೆಳ್ಳಗೆ ಸವರಿ ಹೊಡೆಯಿರಿ. ಚೆಂಡು ತಾಗಿದ ಗುರುತು ಶಾಫ್ಟ್‌ನ, ಅಂದರೆ ಕ್ಲಬ್ಬಿನ ಕೋಲಿನ ಕಡೆಗೆ, ಹಿಮ್ಮಡಿಯ ಭಾಗದಲ್ಲಿದ್ದರೆ ಆ ಬಡಿತವೇ ಚೆಂಡಿಗೆ ಬಲಕ್ಕೆ ಬಾಗುವ ತಿರುಗನ್ನು ಕೊಡುತ್ತದೆ. ಆಗ ಗ್ರಿಪ್ಪನ್ನಾಗಲಿ ದಾರಿಯನ್ನಾಗಲಿ ಮುಟ್ಟದೆ, ಚೆಂಡಿನಿಂದ ಒಂದಿಷ್ಟು ದೂರ ನಿಂತು ನೋಡಿ.

ಕಡಲತೀರದ ಅಭ್ಯಾಸದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಅಲ್ಲಿ ಕಂಡ ಬಾಗನ್ನು ನಂಬಬೇಡಿ. ಕೋಡಿಬಾಗದ ಕಡೆ, ಅಂದರೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಂಜೆಯ ಕಡಲಗಾಳಿ ನಿಮ್ಮ ಎಡದಿಂದ ಬೀಸುತ್ತದೆ. ಹಗುರವಾದ ತೂತಿನ ಚೆಂಡನ್ನು ಅದು ಬಲಕ್ಕೆ ಹೊತ್ತೊಯ್ಯುತ್ತದೆ, ಇಲ್ಲದ ಸ್ಲೈಸನ್ನೂ ತೋರಿಸುತ್ತದೆ. ಬೈತಖೋಲದ ಕಡೆ, ಅಂದರೆ ದಕ್ಷಿಣಕ್ಕೆ ತಿರುಗಿ ಹೊಡೆದರೆ ಅದೇ ಗಾಳಿ ಇರುವ ಸ್ಲೈಸನ್ನು ಮುಚ್ಚಿಡುತ್ತದೆ. ಗಾಳಿ ಬಿದ್ದಿರುವ ಬೆಳಗಿನ ಹೊತ್ತು ಮೇಲು. ಆದರೂ ತೂತಿನ ಚೆಂಡು ಬೀಸನ್ನು ರೂಢಿ ಮಾಡಿಕೊಳ್ಳಲು ಮಾತ್ರ, ಫಲ ಅಳೆಯಲು ಅಲ್ಲ. ನಿಜವಾದ ಗಾಲ್ಫ್ ಚೆಂಡನ್ನಂತೂ ಆ ಮರಳಿನಲ್ಲಿ ಎಂದೂ ಹೊಡೆಯಬೇಡಿ. ಮಕ್ಕಳು ಆಡುವ, ರಂಪಣಿ ಬಲೆ ಎಳೆಯುವ, ಕಡಲಾಮೆಗಳು ಮೊಟ್ಟೆ ಇಡಲು ಬರುವ ಕರಾವಳಿ ಇದು. ತಲೆಗೆ ಬಡಿದರೆ ಪ್ರಾಣಕ್ಕೇ ಅಪಾಯ, ಸಮುದ್ರ ಸೇರಿದ ಚೆಂಡು ಕರಗುವುದೂ ಇಲ್ಲ.

ಮಳೆಗಾಲದಲ್ಲಿ ಮಾಡಿನ ಕೆಳಗೆ ಬಲೆ ಕಟ್ಟಿಕೊಂಡು ಅಭ್ಯಾಸ ಮಾಡಬಹುದು. ಚೆಂಡಿನ ಹಾರಾಟ ಕಾಣದಿದ್ದರೂ ಟವೆಲ್ ಮತ್ತು ಪೌಡರ್ ಬೇಕಾದಷ್ಟು ಹೇಳುತ್ತವೆ. ಮೊಬೈಲನ್ನು ನಿಮ್ಮ ಬಲಬದಿಗೆ, ಗುರಿಯತ್ತ ನೋಡುವಂತೆ, ಗುರಿಗೆರೆಗೆ ಸಮಾನಾಂತರವಾಗಿ, ಕೈಯ ಎತ್ತರಕ್ಕೆ ಇಟ್ಟು ಚಿತ್ರೀಕರಿಸಿ, ಕೆಳಬೀಸಿನಲ್ಲಿ ಕ್ಲಬ್ಬು ಎಲ್ಲಿಂದ ಇಳಿಯುತ್ತದೆ ಎಂದು ನಿಧಾನಗತಿಯಲ್ಲಿ ನೋಡಿ. ಆ ದೃಶ್ಯವನ್ನು ನಿಮ್ಮ ತರಬೇತುದಾರರಿಗೂ ಕಳುಹಿಸಿ. ಹಿಡಿತ ತಿದ್ದಿದವರೇ ದಾರಿಯನ್ನೂ ತಿದ್ದುವುದು ಒಳ್ಳೆಯದು.

ಪ್ರಶ್ನೆ: ನಾನು ಶಿರಸಿಯ ಗೃಹಿಣಿ. ಬೆಂಗಳೂರಿನಲ್ಲಿ ಮಗನ ಮನೆಗೆ ಹೋದಾಗಲೆಲ್ಲ ಗಾಲ್ಫ್ ಕಲಿಯುತ್ತಿದ್ದೇನೆ. ನನ್ನ ಕೈ ಚಿಕ್ಕದು. ಬಲಗೈ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಕೂರಿಸುವ ಹಿಡಿತ ಹೇಳಿಕೊಟ್ಟಿದ್ದಾರೆ. ಕ್ಲಬ್ಬು ಕೈಯಲ್ಲಿ ನಿಲ್ಲುವುದಿಲ್ಲ, ಎಡ ಹೆಬ್ಬೆರಳಿನ ಬುಡವೂ ನೋಯುತ್ತದೆ. ಬೇರೆ ರೀತಿ ಹಿಡಿದರೆ ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ ಅಮ್ಮಾ. ನಿಮಗೆ ಕಲಿಸಿದ್ದು ಹ್ಯಾರಿ ವಾರ್ಡನ್ ಹೆಸರಿನಲ್ಲಿ ಪ್ರಸಿದ್ಧವಾದ ಹಿಡಿತ. 1896ರಿಂದ 1914ರ ನಡುವೆ ಆರು ಬಾರಿ ಬ್ರಿಟಿಷ್ ಓಪನ್ ಗೆದ್ದವರು ಅವರು, ಕೈಗಳೂ ದೊಡ್ಡವು. 18 ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಜಾಕ್ ನಿಕ್ಲಾಸ್ ತಮ್ಮ ಕೈ ಚಿಕ್ಕದೆಂದು ಬಲಗೈ ಕಿರುಬೆರಳು ಮತ್ತು ಎಡಗೈ ತೋರುಬೆರಳನ್ನು ಕೊಂಡಿ ಹಾಕಿ ಹಿಡಿಯುತ್ತಿದ್ದರು. ನೀವೂ ಹಾಗೆ ಮಾಡಿ. ಅದೂ ಕಷ್ಟವಾದರೆ ಹತ್ತೂ ಬೆರಳುಗಳನ್ನು ಹಿಡಿಕೆಯ ಮೇಲೇ ಇಡಿ, ನಿಯಮದಲ್ಲಿ ಅಡ್ಡಿಯಿಲ್ಲ. ಎರಡು ಕೈಗಳ ನಡುವೆ ಸಂದು ಬಿಡದಿದ್ದರೆ ಆಯಿತು.

ಹೆಬ್ಬೆರಳನ್ನು ಹಿಡಿಕೆಯ ಉದ್ದಕ್ಕೂ ಚಾಚಿ ಇಡುತ್ತಿದ್ದೀರಿ ಎನಿಸುತ್ತದೆ. ಅದನ್ನು ಅರ್ಧ ಅಂಗುಲ ಮೇಲಕ್ಕೆ ಎಳೆದುಕೊಳ್ಳಿ, ಬುಡದ ಸೆಳೆತ ಕಡಿಮೆಯಾಗುತ್ತದೆ. ಮಹಿಳೆಯರಿಗಾಗಿ ಮಾಡಿದ ತೆಳು ಹಿಡಿಕೆಯ ಕ್ಲಬ್ಬನ್ನು ಕೇಳಿ ಪಡೆಯಿರಿ. ಎಡಗೈಯಲ್ಲಿ ಹಿಡಿದಾಗ ನಡುವಿನ ಎರಡು ಬೆರಳುಗಳ ತುದಿ ಹೆಬ್ಬೆರಳ ಬುಡದ ಉಬ್ಬಿಗೆ ತುಸುವೇ ತಾಗಬೇಕು. ಇಷ್ಟಾದ ಮೇಲೂ ಎರಡು ವಾರದಲ್ಲಿ ನೋವು ಇಳಿಯದಿದ್ದರೆ ಆಟ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ಆ ಜಾಗದ ಸ್ನಾಯುರಜ್ಜು ಊದಿಕೊಂಡಿದ್ದರೆ ವಿಶ್ರಾಂತಿಯಿಲ್ಲದೆ ವಾಸಿಯಾಗುವುದಿಲ್ಲ.