ಮೇಸ್ತ್ರಿಯ ಕತೆ ಕಳಿಸಿದವರಿಗೆ

ನಮಸ್ಕಾರ.

ಆನೇಕಲ್ ಕಡೆಯ ದಲಿತ ಮೇಸ್ತ್ರಿಯೊಬ್ಬ ಬೆಂಗಳೂರಿನ ಲಿಂಗರಾಜಪುರಕ್ಕೆ ಬಂದು ನೆಲೆಸಿ ಕ್ರೈಸ್ತನಾಗುವ ನಿಮ್ಮ ಕತೆ ಓದಿದೆ. ಭಾಷೆ ಚೆನ್ನಾಗಿದೆ. ಅವನು ಚರ್ಚಿನ ಸಭೆಯ ಮುಂದೆ ನಿಂತು ಮೊದಲ ಸಲ ಬೈಬಲ್ ಓದುವ ಭಾಗ ಇಷ್ಟವಾಯಿತು. ಆದರೆ ಎರಡು ಸಾಲು ಓದಿ ನನಗೆ ಸಿಟ್ಟೇ ಬಂತು.

ಮೊದಲನೆಯದು: "ದೀಕ್ಷಾಸ್ನಾನ ಮುಗಿಸಿ ಮೇಲೆದ್ದಾಗ ಅವನ ಜಾತಿ ನೀರಲ್ಲೇ ಉಳಿದಿತ್ತು." ಕೇಳೋಕೆ ಚೆಂದ. ಆದರೆ ಊರಿಗೆ ಹೋದಾಗ ಅವನಿಗೆ ಟೀ ಕೊಡುವ ಲೋಟ ಬದಲಾಯಿತಾ? ಮಗಳಿಗೆ ಗಂಡು ಹುಡುಕುವಾಗ ಸಭೆಯವರೇ "ನಿಮ್ಮದು ಮೂಲ ಯಾವುದು" ಅಂತ ಕೇಳಲಿಲ್ವಾ? ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ, ಚಾರೊಡಿ, ಸುದಿರ್ ಅನ್ನುವ ಜಾತಿಭೇದ ಮತಾಂತರವಾಗಿ ನೂರಾರು ವರ್ಷ ಕಳೆದ ಮೇಲೂ ಮದುವೆ ಮಾತುಕತೆಯಲ್ಲಿ ತಲೆ ಎತ್ತುತ್ತಿತ್ತು. ನಿಮ್ಮ ಮೇಸ್ತ್ರಿಗೆ ಮಾತ್ರ ಒಂದೇ ಮುಳುಗಿಗೆ ಎಲ್ಲ ಹೋಯಿತಾ?

ಎರಡನೆಯದು, ಕೊನೆಯ ಪುಟದಲ್ಲಿ ಮಗಳಿಗೆ "ಎಸ್‌ಸಿ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು." ಸಿಗುವುದಿಲ್ಲ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು. ಕ್ರೈಸ್ತರು ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು ಅದೇ ಪಟ್ಟಿಯ ಪ್ರವರ್ಗ 3ಬಿಯಲ್ಲಿ. ನೋಡಿ, ಒಂದು ಕಡೆ ಸರ್ಕಾರ "ನೀನಿನ್ನು ಆ ಜಾತಿಯವನಲ್ಲ" ಅನ್ನುತ್ತದೆ. ಇನ್ನೊಂದು ಕಡೆ "ಮೊದಲು ಯಾರಾಗಿದ್ದೆ" ಅಂತ ಕೇಳಿ ಬೇರೆ ಸಾಲಲ್ಲಿ ನಿಲ್ಲಿಸುತ್ತದೆ. ಕತೆ ಇರುವುದೇ ಅಲ್ಲಿ ಅಲ್ವಾ? ನೀವು ಅದನ್ನು ದಾಟಿಕೊಂಡು ಹೋಗಿಬಿಟ್ಟಿದ್ದೀರಿ.

ಗಾಂಧಿನಗರದ ಒಂದು ವಾರಪತ್ರಿಕೆಯಲ್ಲಿ ನಾನು ಕೆಲಸ ಕಲಿಯುವಾಗ ನಮ್ಮ ಹಿರಿಯ ಉಪಸಂಪಾದಕರು ವರದಿ ಕೈಗೆ ತೆಗೆದುಕೊಂಡ ತಕ್ಷಣ "ಯಾರು ಎಲ್ಲಿ ಕೂತಿದ್ರಪ್ಪಾ?" ಅನ್ನುತ್ತಿದ್ದರು. ಜಾತ್ರೆ, ಮದುವೆ, ಪಂಚಾಯಿತಿ ಸಭೆ, ಯಾವುದಾದರೂ ಸರಿ, ಅದೇ ಪ್ರಶ್ನೆ. ಕೊನೆಯ ಪಂಕ್ತಿಯಲ್ಲಿ ಉಂಡವರು ಯಾರು, ಎಲೆ ಎತ್ತಿದವರು ಯಾರು ಅಂತ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್‌ವರೆಗೂ ಕೇಳಿಕೊಂಡೇ ಬರುತ್ತಿದ್ದರು. ಇವತ್ತಿಗೂ ಯಾವ ಕತೆ ಬಂದರೂ ನಾನು ಮೊದಲು ಹುಡುಕುವುದು ಅದನ್ನೇ. ನಿಮ್ಮ ಚರ್ಚಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ಒಂದು ಕಡೆಯೂ ಇಲ್ಲ.

ಮೇಸ್ತ್ರಿಗೆ ಏನೂ ಸಿಗಲಿಲ್ಲ ಅಂತ ಬರೆಯಿರಿ ಅನ್ನುತ್ತಿಲ್ಲ. ಅವನನ್ನು "ಬನ್ನಿ, ಕೂತ್ಕೊಳ್ಳಿ" ಅನ್ನುವ ಜನ ಸಿಕ್ಕರು. ಓದು ಸಿಕ್ಕಿತು. ಅದು ಸಣ್ಣದಲ್ಲ, ಅದನ್ನು ಮುಟ್ಟಬೇಡಿ. ಆದರೆ ಆ ಸೀಟಿನ ಸಾಲು ಹೊಡೆದುಹಾಕಿ. ಅಪ್ಪ ಮಗಳು ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವುದನ್ನು ಬರೆಯಿರಿ. ಅರ್ಜಿಯಲ್ಲಿ ಜಾತಿ ಅನ್ನುವ ಜಾಗದಲ್ಲಿ ಅಪ್ಪ ಏನು ತುಂಬಿಸುತ್ತಾನೆ, ಮಗಳು ಏನನ್ನುತ್ತಾಳೆ? ಬರೆದು ಕಳಿಸಿ. ನಾನೇ ಓದುತ್ತೇನೆ.