ತುಂಗಾ ಹೊಳೆಯಲ್ಲಿ ಟ್ರೌಟ್ ಸಿಗುತ್ತಾ? ಶಿವಮೊಗ್ಗದಲ್ಲಿ ಇದ್ದುಕೊಂಡು ಫ್ಲೈ ಫಿಶಿಂಗ್ ಕಲಿಯಬಹುದಾ?

ನೀವು ಎರಡು ವಿಷಯ ಕೇಳಿದ್ದೀರಿ. ಆಗುಂಬೆ, ಕುದುರೆಮುಖದ ಕಡೆ ಕಾಡೊಳಗಿನ ಹೊಳೆಗಳಲ್ಲಿ ಟ್ರೌಟ್ ಇದೆಯಾ, ಮತ್ತೆ ಇಲ್ಲೇ ಇದ್ದುಕೊಂಡು ಫ್ಲೈ ಫಿಶಿಂಗ್, ಅಂದ್ರೆ ಗರಿಯ ಸುಳ್ಳು ಹುಳ ಕಟ್ಟಿ ಮೀನು ಹಿಡಿಯೋದನ್ನು, ಕಲಿಯಬಹುದಾ ಅಂತ. ಮೊದಲನೆಯದಕ್ಕೆ ನನ್ನ ಉತ್ತರ, "ಇಲ್ಲ" ಅಂತ. ಎರಡನೆಯದಕ್ಕೆ ಹೌದು, ಆದರೆ ಹೊಳೆಯಲ್ಲಲ್ಲ, ಗದ್ದೆಯಲ್ಲಿ. ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕಂದಿನಿಂದ ಎರೆಹುಳ ಚುಚ್ಚಿ ಗಾಳ ಹಾಕಿದವನು. ಹಿಮಾಚಲದ ತೀರ್ಥನ್ ಹೊಳೆಗೆ ಎರಡು ಸಲ ಹೋಗಿ ಬಂದಿದ್ದೇನೆ. ದೊಡ್ಡ ಪಂಡಿತನಲ್ಲ, ಮಾಡಿದ ತಪ್ಪುಗಳು ನೆನಪಿವೆ ಅಷ್ಟೆ.

ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿತು ಅಂದ್ರೆ ಅದಕ್ಕೆ ಉಸಿರಾಟವೇ ಕಷ್ಟ. ತಣ್ಣನೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. 10 ಡಿಗ್ರಿ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 25 ಡಿಗ್ರಿ ನೀರಿನಲ್ಲಿ 8ರ ಆಸುಪಾಸು. ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಎಲ್ಲವೂ ಸಮುದ್ರ ಮಟ್ಟದಿಂದ 550ರಿಂದ 700 ಮೀಟರ್ ಎತ್ತರದಲ್ಲಿವೆ. ಏಪ್ರಿಲ್‌ನಲ್ಲಿ ತುಂಗೆಗೆ ಇಳಿದು ನೋಡಿ, ಮೇಲಿನ ನೀರು ಉಗುರು ಬೆಚ್ಚಗಿರುತ್ತದೆ. ಅದರಲ್ಲಿ ಟ್ರೌಟ್ ಬದುಕೋದಿಲ್ಲ.

ಅಷ್ಟೇ ಅಲ್ಲ, ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. 1900ರ ಸುಮಾರಿಗೆ ಬ್ರಿಟಿಷರು ತಮ್ಮ ಊರಿನ ಬ್ರೌನ್ ಟ್ರೌಟ್ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ ಕಾಶ್ಮೀರದಲ್ಲಿ ಮರಿ ಮಾಡಿಸಿದರು. ಮೊದಲ ಸಲ ತಂದದ್ದು ದಾರಿಯಲ್ಲೇ ಸತ್ತು ಹೋಗಿತ್ತಂತೆ. ಆಮೇಲೆ ಹಿಮಾಚಲಕ್ಕೆ ಬಂತು, ನೀಲಗಿರಿಗೆ ರೇನ್‌ಬೋ ಟ್ರೌಟ್ ಬಂತು. ಅಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದರು. ಈಗ "ವೈಲ್ಡ್ ಟ್ರೌಟ್" ಅಂತ ಹೇಳೋದು ಹೊಳೆಯಲ್ಲೇ ಮೊಟ್ಟೆ ಇಟ್ಟು ತಾನಾಗಿ ಬೆಳೆದ ಮೀನಿಗೆ. ತೀರ್ಥನ್‌ನಲ್ಲಿ ಬ್ರೌನ್ ಟ್ರೌಟ್ ಹಾಗೆ ನೆಲೆಯಾಗಿದೆ. ಹಾಗಂತ ಅದನ್ನು ತಂದು ನಮ್ಮ ಹಳ್ಳಕ್ಕೆ ಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಲೆ ಆಡಿಸಬೇಡಿ. ಹೊರಗಿನ ಮೀನು ತಂದು ಬಿಟ್ಟು ಕೆರೆಗಳನ್ನು ಹಾಳು ಮಾಡಿಕೊಂಡಿದ್ದು ಸಾಕು, ಆಫ್ರಿಕನ್ ಕ್ಯಾಟ್‌ಫಿಶ್ ಒಂದೇ ನೋಡಿದರೆ ಸಾಲದಾ?

"ಹಾಗಾದ್ರೆ ಮಹಶೀರ್ ಇದೆಯಲ್ಲ" ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಇದೆ. ಶೃಂಗೇರಿ ಮಠದ ಸೋಪಾನದ ಹತ್ತಿರ ಮಂಡಕ್ಕಿ ಹಾಕಿದರೆ ಕಾಲಿನಷ್ಟು ಉದ್ದದ ಮೀನುಗಳು ಮುತ್ತಿಕೊಳ್ಳುತ್ತವಲ್ಲ, ಅದೇ ಜಾತಿ. ಅವು ದೇವರ ಮೀನು, ಅಲ್ಲಿ ಗಾಳದ ಮಾತೇ ಎತ್ತಬೇಡಿ. ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲೂ ಅಷ್ಟೇ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು, ಶರಾವತಿ ಕಣಿವೆ ಅಭಯಾರಣ್ಯ, ಇವುಗಳೊಳಗೆ ಗಾಳದ ರಾಡ್ ಹಿಡಿದು ಹೋಗೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನೇರ ಕೇಸು. ನೀವು ಕೇಳಿದ ಒಳಕಾಡಿನ ಹೊಳೆಗಳು ಬಹುಪಾಲು ಇವುಗಳಲ್ಲೇ ಬರುತ್ತವೆ. ಹೊರಗಿನ ಹೊಳೆ, ಕೆರೆಗೂ ಮೊದಲು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ, ಯಾರಿಗಾದರೂ ಗುತ್ತಿಗೆ ಕೊಟ್ಟಿರುತ್ತಾರೆ.

ಇನ್ನು ಕಲಿಯೋ ವಿಚಾರ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಏಳುತ್ತವಲ್ಲ, ಅವು ಹಳ್ಳದ ಮೇಲೆ ಬಿದ್ದಾಗ ಪಕ್ಕೆ ಮೀನುಗಳು ಪುಳಕ್ ಪುಳಕ್ ಅಂತ ಮೇಲೆ ಬಂದು ನುಂಗೋದನ್ನು ನೋಡಿರುತ್ತೀರಿ. ಫ್ಲೈ ಫಿಶಿಂಗ್ ಅಂದ್ರೆ ಅಷ್ಟೇ. ಗರಿ, ದಾರ ಸುತ್ತಿ ಅಂಥದ್ದೊಂದು ಸುಳ್ಳು ಹುಳ ಮಾಡಿ ನೀರಿನ ಮೇಲೆ ಬಿಡೋದು. ಕಷ್ಟ ಎಲ್ಲಿದೆ ಅಂದ್ರೆ, ಆ ಹುಳಕ್ಕೆ ತೂಕವೇ ಇಲ್ಲ. ನಮ್ಮ ಗಾಳದಲ್ಲಿ ಸೀಸದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಪ್ಪ ದಾರ, ಅಂದ್ರೆ ಲೈನೇ ತೂಕ, ಅದು ಹುಳವನ್ನು ಹೊತ್ತುಕೊಂಡು ಹೋಗಬೇಕು. ಚಾಟಿ ಬೀಸಿದ ಹಾಗೆ ಹಿಂದಕ್ಕೆ ಎತ್ತಿ, ಲೈನ್ ಬೆನ್ನ ಹಿಂದೆ ಪೂರ್ತಿ ನೇರ ಆಗೋ ತನಕ ಕಾದು, ಆಮೇಲೆ ಮುಂದಕ್ಕೆ. ಆ ಕಾಯೋದೇ ಯಾರಿಗೂ ಬರೋದಿಲ್ಲ. ಅವಸರ ಮಾಡಿದರೆ ಚಟ್ ಅಂತ ಶಬ್ದ ಬರುತ್ತದೆ. ಶಬ್ದ ಬಂತಾ, ಹುಳ ಕಿತ್ತು ಹೋಯ್ತು ಅಂತಲೇ ಲೆಕ್ಕ.

ಇದನ್ನು ನಾನು ಭತ್ತ ಕೊಯ್ದಾದ ಮೇಲೆ ಖಾಲಿ ಗದ್ದೆಯಲ್ಲಿ ಕಲಿತೆ. ಕೊಕ್ಕೆ ಕಟ್ಟದೆ, ತುದಿಗೆ ಕೆಂಪು ಉಲ್ಲನ್ ತುಂಡು ಕಟ್ಟಿ, ಒಂದು ಹಾಳೆತಟ್ಟೆ ಇಟ್ಟುಕೊಂಡು ಅದರೊಳಗೆ ಬೀಳಿಸೋದು. ದೊಡ್ಡಪ್ಪ ಎರಡು ದಿನ ಬದುವಿನ ಮೇಲೆ ನಿಂತು ನೋಡಿ, ಮೂರನೇ ದಿನ "ಅಲ್ಲ ಮಾರಾಯ, ಇಲ್ಲಿ ನೀರೂ ಇಲ್ಲ, ಮೀನೂ ಇಲ್ಲ, ಒಂದು ಸಲ ಡಾಕ್ಟರ್ ಹತ್ರ ಹೋಗಿ ಬಾ" ಅಂದರು. ಹೇಳಲಿ ಬಿಡಿ. ದಿನಾ ಅರ್ಧ ಗಂಟೆಯ ಹಾಗೆ ಒಂದು ತಿಂಗಳು ಮಾಡಿದರೆ 30 ಅಡಿ ದೂರಕ್ಕೆ ಹಾಕೋಕೆ ಬರುತ್ತದೆ, ಗುಡ್ಡದ ಹೊಳೆಗೆ ಅದಕ್ಕಿಂತ ಜಾಸ್ತಿ ಬೇಕಾಗೋದು ಕಡಿಮೆ. ಜೊತೆಗೆ ರೋಲ್ ಕಾಸ್ಟ್ ಕಲಿಯಿರಿ. ಲೈನನ್ನು ಹಿಂದಕ್ಕೆ ಎಸೆಯದೆ ನೀರಿನ ಮೇಲಿಂದಲೇ ಉರುಳಿಸಿ ಮುಂದಕ್ಕೆ ಬಿಡೋದು. ಹಿಂದುಗಡೆ ಮರ ಇರೋ ಜಾಗದಲ್ಲಿ ಅದಿಲ್ಲದೆ ಆಗೋದಿಲ್ಲ. ಆದರೆ ಇದಕ್ಕೆ ನೀರು ಬೇಕು, ನಿಮ್ಮದೋ ನೆಂಟರದೋ ತೋಟದ ಕೆರೆ ಇದ್ದರೆ ಸಾಕು. ಅಲ್ಲೇ ಸಣ್ಣ ಹುಳ ಕಟ್ಟಿ ಪಕ್ಕೆ ಹಿಡಿಯೋದನ್ನೂ ಅಭ್ಯಾಸ ಮಾಡಬಹುದು, ಚೆನ್ನಾಗಿ ಕಚ್ಚುತ್ತವೆ.

ಹುಳ ಕಟ್ಟೋಕೆ ಊರು ಹುಂಜದ ಕುತ್ತಿಗೆ ಗರಿ ಬಹಳ ಚೆನ್ನಾಗಿರುತ್ತದೆ, ಪುಕ್ಕಟೆ ಬೇರೆ. ನಮ್ಮ ಕಾಡುಕೋಳಿಯ ಕುತ್ತಿಗೆ ಗರಿಗೆ ಒಂದು ಕಾಲದಲ್ಲಿ ಇಂಗ್ಲೆಂಡಿನ ಮೀನು ಹುಚ್ಚರಲ್ಲಿ ಭಾರೀ ಬೇಡಿಕೆ ಇತ್ತು, ಅದಕ್ಕೋಸ್ಕರವೇ ಕೋಳಿಗಳನ್ನು ಕೊಂದಿದ್ದಾರೆ. ಈಗ ಅದನ್ನು ಮುಟ್ಟೋ ಹಾಗಿಲ್ಲ, ಮುಟ್ಟಲೂಬೇಡಿ.

ರಾಡ್ ಕೊಳ್ಳೋದಾದರೆ 9 ಅಡಿಯ 5 ವೇಟ್ (ಯಾವ ತೂಕದ ಲೈನಿಗೆ ಹೊಂದುತ್ತದೆ ಅನ್ನೋ ನಂಬರ್), ತೇಲುವ ಲೈನ್, 9 ಅಡಿ ಲೀಡರ್ (ಲೈನಿನ ತುದಿಗೆ ಕಟ್ಟೋ ಸಣ್ಣ ದಾರ), 5ಎಕ್ಸ್ ಟಿಪ್ಪೆಟ್ (ಲೀಡರಿನ ತುದಿಗೆ, ಹುಳ ಕಟ್ಟೋ ಇನ್ನೂ ತೆಳು ದಾರ; 5ಎಕ್ಸ್ ಅದರ ದಪ್ಪದ ನಂಬರ್), 12ರಿಂದ 16ನೇ ನಂಬರಿನ ಕೊಕ್ಕೆಗಳು. ಇಷ್ಟೇ ಸಾಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ, ಮೀನನ್ನು ವಾಪಸ್ ಬಿಡೋದು ಸುಲಭ. ನಿಮ್ಮ ಬೆರಳಿನಿಂದ ಕೀಳೋದೂ ಸುಲಭ, ಅನುಭವದ ಮಾತು.

ಈಗ ನಾನು ನಿಜವಾಗಿ ಹೇಳಬೇಕು ಅಂತಿದ್ದದ್ದು. ಗಾಳ ಹಾಕಿ ಬೆಳೆದ ನಮ್ಮಂಥವರಿಗೆ ಎರಡು ಅಭ್ಯಾಸ ಬಿಡೋದೇ ದೊಡ್ಡ ಕೆಲಸ. ಒಂದು, ಕಾಯೋದು. ಎರೆಹುಳದ ಗಾಳದಲ್ಲಿ ಬೆಂಡು ಪೂರ್ತಿ ಮುಳುಗೋ ತನಕ ಎಳೆಯಬಾರದು ಅಂತ ನಮಗೆ ಬೈದು ಕಲಿಸಿದ್ದಾರೆ. ಟ್ರೌಟ್ ಸುಳ್ಳು ಹುಳವನ್ನು ಬಾಯಿಗೆ ಹಾಕಿಕೊಂಡು, ಗರಿ ಅಂತ ಗೊತ್ತಾದ ತಕ್ಷಣ ಉಗಿದುಬಿಡುತ್ತದೆ. ಕಣ್ಣು ಮಿಟುಕಿಸೋದರೊಳಗೆ ರಾಡ್ ತುದಿ ಮೇಲೆತ್ತಬೇಕು, ಅದೂ ಜೋರಾಗಿ ಅಲ್ಲ. ತೀರ್ಥನ್‌ನಲ್ಲಿ ಮೊದಲ ದಿನ ನಾನು ಒಂಬತ್ತು ಸಲ ಮೀನು ಮೇಲೆ ಬಂದದ್ದನ್ನು ಕಣ್ಣಾರೆ ನೋಡಿದೆ, ಒಂಬತ್ತನ್ನೂ ಕಳೆದುಕೊಂಡೆ. ಮನಸ್ಸಿನಲ್ಲಿ "ಇರು, ಇನ್ನೂ ನುಂಗಲಿ" ಅಂತ ಅಜ್ಜನ ಧ್ವನಿ.

ಎರಡು, ದಾರ ಬಿಗಿಯಾಗಿ ಇಟ್ಟುಕೊಳ್ಳೋದು. ತೆಪ್ಪೋತ್ಸವದ ದಿನ ದೊನ್ನೆಯಲ್ಲಿ ದೀಪ ಇಟ್ಟು ಹೊಳೆಗೆ ಬಿಟ್ಟರೆ ಅದು ಹೇಗೆ ನೀರು ಕರೆದ ಕಡೆಗೆ ಹೋಗುತ್ತದೋ, ಹುಳವೂ ಹಾಗೇ ಹೋಗಬೇಕು. ಆ ದೊನ್ನೆಗೆ ಒಂದು ದಾರ ಕಟ್ಟಿ ಹಿಡಿದುಕೊಳ್ಳಿ, ತಕ್ಷಣ ಅಡ್ಡ ತಿರುಗಿ ನೀರನ್ನು ಸೀಳೋಕೆ ಶುರು ಮಾಡುತ್ತದೆ. ಹೊಳೆಯ ನಡುವೆ ಸೆಳವು ಜೋರು, ಬಂಡೆಯ ಮರೆಯಲ್ಲಿ ನಿಧಾನ. ನಿಮ್ಮ ಹುಳ ಬಂಡೆ ಪಕ್ಕದಲ್ಲಿದೆ, ಲೈನ್ ನಡು ಸೆಳವಿನ ಮೇಲೆ ಬಿದ್ದಿದೆ ಅಂದುಕೊಳ್ಳಿ, ಸೆಳವು ಲೈನನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ಮುಂದೆ ಓಡುತ್ತದೆ, ಹುಳ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಯಾವ ಹುಳ ತಾನೇ ಹಾಗೆ ಓಡುತ್ತದೆ? ಟ್ರೌಟ್ ಮುಖ ತಿರುಗಿಸುತ್ತದೆ. ಹಾಗಾಗಿ ಲೈನ್ ನೀರಿಗೆ ಬಿದ್ದ ಕೂಡಲೇ ಅದರ ಮಧ್ಯದ ಭಾಗವನ್ನು ಎತ್ತಿ ನೀರು ಬರೋ ಕಡೆಗೆ ಹಾಕಬೇಕು, ಹುಳ ಮಾತ್ರ ಅಲುಗಬಾರದು. ಇದಕ್ಕೆ ಮೆಂಡಿಂಗ್ ಅಂತಾರೆ. ಗದ್ದೆಯಲ್ಲಿ ಇದು ಬರೋದಿಲ್ಲ, ಹರಿಯೋ ನೀರೇ ಬೇಕು.

ಮೀನಿನ ಕಣ್ಣಿಗೆ ಬೀಳದೆ ಹೋಗೋದು ನಮಗೆ ಹೊಸದೇನಲ್ಲ. ಟ್ರೌಟ್ ಸೆಳವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ. ಕೆಳಗಿನಿಂದ, ಅದರ ಬಾಲದ ಕಡೆಯಿಂದ ಬಗ್ಗಿ ಹೋಗಬೇಕು, ನೆರಳು ನೀರಿನ ಮೇಲೆ ಬೀಳಬಾರದು. ಹಿಡಿದ ಮೇಲೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈಲಿ ಮುಟ್ಟಿದರೆ ಮೈ ಮೇಲಿನ ಲೋಳೆ ಹೋಗಿ ಅದಕ್ಕೆ ರೋಗ ಹತ್ತುತ್ತದೆ.

ನನ್ನ ಮೊದಲ ಟ್ರೌಟ್ ಸಿಕ್ಕಿದ್ದು ಮೂರನೇ ದಿನ. ಒಂದು ಗೇಣು ಉದ್ದ, ಮೈ ತುಂಬ ಕೆಂಪು ಚುಕ್ಕೆ. ಊರಿನಲ್ಲಾದರೆ ಇಷ್ಟು ಸಣ್ಣದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ತೀರ್ಥನ್‌ಗೆ ಹೋಗೋದಾದರೆ ದೆಹಲಿ ಅಥವಾ ಚಂಡೀಗಢದಿಂದ ಮನಾಲಿ ಬಸ್ ಹತ್ತಿ ಔಟ್‌ನಲ್ಲಿ ಇಳಿದು, ಬಂಜಾರ್ ದಾಟಿ ಗುಶೈನಿಗೆ ಹೋಗಿ. ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ನವೆಂಬರ್‌ನಿಂದ ಫೆಬ್ರವರಿ ಕೊನೆ ತನಕ ಮೀನು ಮೊಟ್ಟೆ ಇಡೋ ಕಾಲ, ಬಂದ್ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಳೆಗೆ ನೀರು ರಾಡಿ. ಅಡಿಕೆ ಕೊಯ್ಲಿನ ಗಲಾಟೆ ಇಲ್ಲದವರು ಅಕ್ಟೋಬರ್‌ನಲ್ಲಿ ಹೋಗಬಹುದು, ನಾನು ಎರಡು ಸಲವೂ ಏಪ್ರಿಲ್ ಕೊನೆಗೆ ಹೋದೆ. ನೀಲಗಿರಿ ನಮಗೆ ಹತ್ತಿರ ಹೌದು, ಆದರೆ ಅಲ್ಲಿನ ಹಲವು ಹೊಳೆಗಳು ಅರಣ್ಯ ಇಲಾಖೆಯ ಕೈಯಲ್ಲಿವೆ, ಅನುಮತಿ ಸಿಕ್ಕಿದ್ದು ಖಾತ್ರಿಯಾಗದೆ ಹೊರಡಬೇಡಿ. ರಬ್ಬರ್ ಚಪ್ಪಲಿಯಲ್ಲಿ ಮಾತ್ರ ತೀರ್ಥನ್ ಹೊಳೆಗೆ ಇಳಿಯಬೇಡಿ, ನಮ್ಮ ಪಾಚಿ ಬಂಡೆಗಿಂತ ಜಾರುತ್ತದೆ, ನೀರು ಹಿಮ ಕರಗಿ ಬಂದದ್ದು. ನಾನು ಸೊಂಟದವರೆಗೆ ಬಿದ್ದು ಎದ್ದ ಮೇಲೆ ಒಂದು ಗಂಟೆ ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗಿರಲಿಲ್ಲ.