ಹೆರಿಗೆ ಕಷ್ಟವಾಗಿದ್ದರೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾದ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಮುಂದೆ ಮಾನಸಿಕ ತೊಂದರೆ ಬರುತ್ತದೆಯೇ?

ಬರಲೇಬೇಕು ಅಂತೇನಿಲ್ಲ. ಸಾಧ್ಯತೆ ಜಾಸ್ತಿ, ಅಷ್ಟೇ.

32 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಎಡಿಎಚ್‌ಡಿ ಸುಮಾರು ಎರಡು-ಮೂರು ಪಟ್ಟು ಹೆಚ್ಚು. ಅವರಲ್ಲಿ ಗಲಾಟೆ, ಓಡಾಟಕ್ಕಿಂತ ಗಮನ ನಿಲ್ಲದಿರುವುದೇ ಎದ್ದು ಕಾಣುತ್ತದೆ. ಜೊತೆಗೆ ಆತಂಕ, ಬೇರೆ ಮಕ್ಕಳೊಂದಿಗೆ ಬೆರೆಯಲು ಹಿಂಜರಿಕೆ. ಕ್ಲಾಸಿನಲ್ಲಿ ಸುಮ್ನೆ ಕೂತ ಮಗುವಿನ ಬಗ್ಗೆ ಯಾರೂ ದೂರು ಹೇಳುವುದಿಲ್ಲ, ಅಲ್ವಾ? ಪುಸ್ತಕದ ಅದೇ ಪುಟ ಅರ್ಧ ಗಂಟೆಯಿಂದ ತೆರೆದೇ ಇರುತ್ತದೆ. ಹಾಗಾಗಿ ಇಂಥವರ ಕಷ್ಟ ತಡವಾಗಿ ಗೊತ್ತಾಗುತ್ತದೆ.

ಹುಟ್ಟಿದಾಗ 2500 ಗ್ರಾಂಗಿಂತ ಕಡಿಮೆ ತೂಕ, ಆಮ್ಲಜನಕದ ಕೊರತೆ, ಇವುಗಳಿಗೂ ಎಡಿಎಚ್‌ಡಿಗೂ ನಂಟು ಕಂಡಿದೆ. ಆದರೆ ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾಲು ಶೇ. 70-80ರಷ್ಟು. ತಾಯಿ ತನ್ನನ್ನು ದೂಷಿಸಿಕೊಳ್ಳುವುದು ಬೇಡವೇ ಬೇಡ.

ಹೆರಿಗೆ ಹೇಗೇ ಆಗಿರಲಿ, ಎಡಿಎಚ್‌ಡಿ ಇದ್ದವರಲ್ಲಿ ಆತಂಕ, ಖಿನ್ನತೆ ಹೆಚ್ಚು. ಹರೆಯದಲ್ಲಿ ನಿದ್ದೆ ಕೆಟ್ಟರೆ, ಇಷ್ಟದ ಆಟವೂ ಬೇಡವಾದರೆ, "ನಾನು ದಡ್ಡ" ಎಂದು ಪದೇ ಪದೇ ಹೇಳಿದರೆ ಕಾಯಬೇಡಿ. ಮಕ್ಕಳ ಮನೋವೈದ್ಯರಿಗೆ ತೋರಿಸಿ. ಹೋಗುವಾಗ ಹೆರಿಗೆ ಸಮಯದ ಡಿಸ್ಚಾರ್ಜ್ ಸಮ್ಮರಿಯನ್ನೂ ತೆಗೆದುಕೊಂಡು ಹೋಗಿ.